ಮೊದಲು ಉತ್ತರ, ಆಮೇಲೆ ವ್ಯಾಪಾರ: ಮುಲಾಮು, ಟಿಫಿನ್ ಮತ್ತು ಗಿರಾಕಿಯ ನಂಬಿಕೆಯ ಕಥೆ

ಇದು ಈ ವಾರದ ಮಾತಿನ ಬರಹ ರೂಪ. ವಿಡಿಯೊದಲ್ಲಿ ಬೇಗ ಬೇಗ ಹೇಳಿ ಮುಗಿಸಿದ ಇಸವಿಗಳು, ಹೆಸರುಗಳು ಇಲ್ಲಿ ನಿಧಾನಕ್ಕೆ ಸಿಗುತ್ತವೆ.

ವಿಷಯ ಏನಪ್ಪಾ ಅಂದ್ರೆ, ಸಣ್ಣ ವ್ಯಾಪಾರ ಮಾಡೋರು ಗಿರಾಕಿಗಳನ್ನ ಹೇಗೆ ಕರೀತಾರೆ ಅನ್ನೋದು. ಮಿಯಾಪುರ, ಕೊಂಡಾಪುರ, ನಲ್ಲಗಂಡ್ಲ ಕಡೆ ನಮ್ಮವರ ಮನೆಗಳಲ್ಲಿ ಈಗ ಏನೇನೋ ಸಣ್ಣ ವ್ಯಾಪಾರಗಳು ಶುರುವಾಗಿವೆ. ಒಬ್ಬರು ಹೋಳಿಗೆ ಮಾಡಿ ಕೊಡ್ತಾರೆ, ಇನ್ನೊಬ್ಬರು ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ. ಒಬ್ಬರು ಇಳಕಲ್ ಸೀರೆ ತರಿಸ್ತಾರೆ, ಮತ್ತೊಬ್ಬರು ಮಕ್ಕಳಿಗೆ ಸಂಗೀತ ಕಲಿಸ್ತಾರೆ. ಕೆಲವರಿಗೆ ಇದು ಹವ್ಯಾಸ. ಕೆಲವರಿಗೆ ಹಾಗಲ್ಲ. ಕಂಪನಿಯಲ್ಲಿ ಯಾವಾಗ ಏನಾಗುತ್ತೋ ಅನ್ನೋ ಭಯಕ್ಕೆ, ಇಎಂಐ ಕಟ್ಟೋ ಇನ್ನೊಂದು ದಾರಿ ಇರಲಿ ಅಂತ ಮಾಡ್ತಿರೋದು.

ಗಿರಾಕಿ ಹುಡುಕೋ ದಾರಿ ಮಾತ್ರ ಎಲ್ಲರದ್ದೂ ಒಂದೇ. ವಾಟ್ಸಾಪ್ ಗುಂಪಿನಲ್ಲಿ ಒಂದು ಫೋಟೊ, ಕೆಳಗೆ ರೇಟು, ಹಬ್ಬಕ್ಕೆ ಹತ್ತು ಪರ್ಸೆಂಟ್ ಕಡಿತ. ಪಕ್ಕದ ಟವರಿನವರು ಹದಿನೈದು ಪರ್ಸೆಂಟ್ ಅಂತಾರೆ. ಇವರು ಇಪ್ಪತ್ತಕ್ಕೆ ಇಳೀತಾರೆ. ಕೊನೆಗೆ ಇಬ್ಬರಿಗೂ ಗ್ಯಾಸಿನ ಖರ್ಚೂ ಹುಟ್ಟಲ್ಲ. ರೇಟಿನ ಜಗಳದಲ್ಲಿ ಸಣ್ಣವನು ಯಾವತ್ತೂ ಗೆಲ್ಲಲ್ಲ, ಯಾಕಂದ್ರೆ ಅವನಿಗಿಂತ ಕಡಿಮೆಗೆ ಕೊಡೋ ದೊಡ್ಡವನು ಯಾವಾಗಲೂ ಒಬ್ಬ ಇದ್ದೇ ಇರ್ತಾನೆ.

ಇದಕ್ಕೆ ಇನ್ನೊಂದು ದಾರಿ ಇದೆ, ಅದು ಹಳೇ ದಾರಿ. ಗಿರಾಕಿಗೆ ಸಾಮಾನು ಕೊಡೋ ಮೊದಲು ತಿಳಿವಳಿಕೆ ಕೊಡೋದು. ಇವತ್ತಿನ ಆಫೀಸ್ ಭಾಷೆಯಲ್ಲಿ ಕಂಟೆಂಟ್ ಮಾರ್ಕೆಟಿಂಗ್ ಅಂತಾರೆ. ಹೆಸರು ಹೊಸದು, ಕೆಲಸ ನೂರು ವರ್ಷಕ್ಕೂ ಹಳೇದು. ಇದನ್ನ ಚೆನ್ನಾಗಿ ಮಾಡಿದೋರಲ್ಲಿ ನಮ್ಮ ಹಾಗೇ ಊರು ಬಿಟ್ಟು ಬಂದೋರು ಕೂಡ ಇದ್ದಾರೆ.

ಬೊಂಬಾಯಿಗೆ ಹೋದ ತೆಲುಗಿನವರು

ನಾವು ತೆಲುಗಿನವರ ಊರಲ್ಲಿ ಇದೀವಲ್ಲ, ಅವರದೇ ಒಂದು ಕಥೆಯಿಂದ ಶುರು ಮಾಡೋಣ. ಕಾಶೀನಾಥುನಿ ನಾಗೇಶ್ವರ ರಾವ್ ಪಂತುಲು, ಕೃಷ್ಣಾ ಜಿಲ್ಲೆಯವರು, ಹುಟ್ಟಿದ್ದು 1867ರಲ್ಲಿ. ವ್ಯಾಪಾರ ಹುಡುಕಿಕೊಂಡು ಬೊಂಬಾಯಿ ಸೇರಿದರು. 1893ರಲ್ಲಿ ಅಲ್ಲಿ ತಲೆನೋವಿನ ಒಂದು ಮುಲಾಮು ಶುರು ಮಾಡಿದರು. ಅದೇ ಅಮೃತಾಂಜನ್. ನಮ್ಮ ಅಜ್ಜಿಯರ ತಲೆದಿಂಬಿನ ಪಕ್ಕ ಇರ್ತಿದ್ದ ಆ ಹಳದಿ ಮುಲಾಮು.

ಹೊಸ ಊರು, ಹೊಸ ಮುಲಾಮು, ಹೆಸರು ಕೇಳಿದೋರು ಯಾರೂ ಇಲ್ಲ. ಆಗ ಅವರು ಸಂಗೀತ ಕಚೇರಿಗಳಲ್ಲಿ ಜನರಿಗೆ ಮುಲಾಮನ್ನ ಸುಮ್ಮನೆ ಹಂಚಿದರು. ಗಂಟೆಗಟ್ಟಲೆ ಕಚೇರಿ ಕೇಳಿ ತಲೆ ಭಾರ ಆದವನ ಕೈಗೇ ಮುಲಾಮು ಕೊಟ್ಟರೆ ಅವನಿಗೆ ಜಾಹೀರಾತು ಬೇಕಾ? ಹಣೆಗೆ ಹಚ್ಚಿದ ಮೇಲೆ ಅವನ ಹಣೆಯೇ ಸಾಕ್ಷಿ.

ಆದರೆ ನಮಗೆ ಮುಖ್ಯವಾದದ್ದು ಮುಂದಿನ ಹೆಜ್ಜೆ. 1908ರಲ್ಲಿ ನಾಗೇಶ್ವರ ರಾವ್ ಬೊಂಬಾಯಿಯಲ್ಲೇ ಒಂದು ತೆಲುಗು ವಾರಪತ್ರಿಕೆ ಶುರು ಮಾಡಿದರು, ಹೆಸರು ಆಂಧ್ರ ಪತ್ರಿಕಾ. ಮರಾಠಿ, ಗುಜರಾತಿ, ಇಂಗ್ಲಿಷ್ ಓಡಾಡೋ ಊರಲ್ಲಿ ತೆಲುಗು ಪತ್ರಿಕೆ! 1914ರಲ್ಲಿ ಅದು ಮದ್ರಾಸಿಗೆ ಹೋಗಿ ದಿನಪತ್ರಿಕೆ ಆಯ್ತು. 1924ರಲ್ಲಿ ಭಾರತಿ ಅನ್ನೋ ಸಾಹಿತ್ಯದ ಮಾಸಿಕವನ್ನೂ ತಂದರು.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ಅವರು ಪತ್ರಿಕೆ ಮಾಡಿದ್ದು ಮುಲಾಮು ಮಾರೋಕೆ ಅಂತ ಅಲ್ಲ. ಅದು ಸ್ವದೇಶಿ ಚಳವಳಿಯ ಕಾಲ, ದೇಶದ ಸುದ್ದಿ ತೆಲುಗಿನಲ್ಲಿ ಜನಕ್ಕೆ ಮುಟ್ಟಬೇಕು ಅನ್ನೋದು ಅವರ ಆಸೆ. ಮುಲಾಮಿನ ದುಡ್ಡು ಪತ್ರಿಕೆಯನ್ನ ಸಾಕಿತು. ಅಮೃತಾಂಜನದ ಜಾಹೀರಾತು ಪತ್ರಿಕೆಯಲ್ಲಿ ಬರ್ತಿತ್ತು, ಹೌದು. ಆದರೆ ಓದುಗ ಪತ್ರಿಕೆ ತಗೊಳ್ತಿದ್ದದ್ದು ಅದರಲ್ಲಿದ್ದ ವಿಷಯಕ್ಕೆ. ಪತ್ರಿಕೆ ನಂಬಿದವನು ಅದರ ಒಡೆಯನ ಮುಲಾಮನ್ನೂ ನಂಬಿದ. ಈ ಕ್ರಮ ತಿರುಗಿಸಿದರೆ ಕೆಲಸ ಆಗಲ್ಲ. ಬರೀ ಮುಲಾಮಿನ ಹೊಗಳಿಕೆ ತುಂಬಿದ ಪತ್ರಿಕೆಯನ್ನ ಎರಡನೇ ವಾರ ಯಾರೂ ಬಿಚ್ಚಿ ನೋಡಲ್ಲ.

ಇನ್ನೊಂದು ಲೆಕ್ಕ ನೋಡಿ. ಮುಲಾಮು 1893, ಪತ್ರಿಕೆ 1908, ದಿನಪತ್ರಿಕೆ 1914. ಇಪ್ಪತ್ತೊಂದು ವರ್ಷ. ಮೂರು ಪೋಸ್ಟ್ ಹಾಕಿ ಲೈಕ್ ಬರಲಿಲ್ಲ ಅಂತ ಬಿಟ್ಟುಬಿಡೋ ನಮಗೆ ಈ ಲೆಕ್ಕ ಸ್ವಲ್ಪ ಚುಚ್ಚಬೇಕು.

ಅಂಬರ್‌ಪೇಟೆಯ ಸಣ್ಣ ಬಾಟಲಿ

ಈಗ ನಮ್ಮ ಹೈದರಾಬಾದಿಗೆ ಬರೋಣ. 1920, ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನರ ಆಳ್ವಿಕೆ. ಬೀದರ್, ಕಲಬುರಗಿ, ರಾಯಚೂರು ಕೂಡ ಆಗ ಇದೇ ರಾಜ್ಯದಲ್ಲಿದ್ದವು. ಅಂದರೆ ಆ ಭಾಗದ ಕನ್ನಡಿಗರಿಗೆ ಹೈದರಾಬಾದ್ ಪರಊರಲ್ಲ, ರಾಜಧಾನಿ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ ನೋಡಿದೋರಿಗೆ ಆ ಹಳೇ ನಂಟು ಗೊತ್ತಿರುತ್ತೆ.

ಆ ವರ್ಷ ಹಕೀಮ್ ಮೊಹಮ್ಮದ್ ಮೊಯಿಜುದ್ದೀನ್ ಫಾರೂಖಿ ಅನ್ನೋರು ಒಂದು ಯುನಾನಿ ಔಷಧಿ ಶುರು ಮಾಡಿದರು, ಜಿಂದಾ ತಿಲಿಸ್ಮಾತ್. ಜೀವಂತ ಮಾಯೆ ಅಂತ ಅರ್ಥ. ನೀಲಗಿರಿ ಎಣ್ಣೆಯೇ ಮುಖ್ಯ, ಜೊತೆಗೆ ಕರ್ಪೂರ, ಮೆಂಥಾಲ್ ಇಂಥವು. ಈ ಊರಿನ ಹಳೇ ಮನೆಗಳಲ್ಲಿ ಶೀತ ಅಂದ ತಕ್ಷಣ ಕೈ ಹೋಗೋದು ಆ ಸಣ್ಣ ಬಾಟಲಿಗೆ. ಅಂಬರ್‌ಪೇಟೆಯ ಕಾರ್ಖಾನೆ ನೂರು ವರ್ಷ ದಾಟಿದೆ.

ಡಬ್ಬಿಯ ಮೇಲಿನ ಚಿತ್ರ ಗಮನಿಸಿದೀರಾ? ಒಬ್ಬ ಕಪ್ಪು ಮೈಯ ಕಟ್ಟುಮಸ್ತಾದ ಆಳು. ನಿಜಾಮರ ಸೈನ್ಯದಲ್ಲಿ ಆಫ್ರಿಕಾ ಮೂಲದ ಸಿದ್ದಿ ಸೈನಿಕರಿದ್ದರು. ಊರಿನವರಿಗೆ ಶಕ್ತಿ ಅಂದ್ರೆ ಕಣ್ಣ ಮುಂದೆ ಬರ್ತಿದ್ದ ರೂಪ ಅದು. ಓದು ಬರದವನೂ ಗುರುತು ಹಿಡೀಬಹುದು. ಊರಿನ ನೆನಪಿನಿಂದಲೇ ಗುರುತು ಎತ್ತಿಕೊಂಡದ್ದು ಜಾಣತನ.

ಇಂಥ ಮನೆಮದ್ದು ಮಾರೋದರಲ್ಲಿ ಬರೀ ಹೆಸರು ಸಾಕಾಗಲ್ಲ. ಯಾವ ತೊಂದರೆಗೆ ಎಷ್ಟು ಹನಿ, ಕುಡಿಯೋದಾ, ಹಚ್ಚೋದಾ, ಆವಿ ತಗೊಳ್ಳೋದಾ ಅಂತ ಹೇಳಿಕೊಡಬೇಕು. ಹೇಳಿಕೊಟ್ಟ ಮೇಲೆ ಅದು ಮನೆಯ ಅಭ್ಯಾಸ ಆಗುತ್ತೆ, ಅಜ್ಜಿಯಿಂದ ಮೊಮ್ಮಗಳಿಗೆ ದಾಟುತ್ತೆ. ಅಲ್ಲಿಂದಾಚೆ ಆ ಔಷಧಿಯ ಮಾರಾಟಗಾರ ಕಂಪನಿ ಅಲ್ಲ, ಅಜ್ಜಿ.

ಹೈದರಾಬಾದ್ ಇದೇ ಪಾಠವನ್ನ ದೊಡ್ಡದಾಗಿ ಮಾಡಿದ್ದು ನುಮಾಯಿಷ್‌ನಲ್ಲಿ. ಈಗ ಜನವರಿ ಬಂದರೆ ನಾಂಪಲ್ಲಿಗೆ ಹೋಗಿ ನಾವೆಲ್ಲ ಜನಜಂಗುಳಿಯಲ್ಲಿ ಸುತ್ತುತ್ತೀವಿ. 1938ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಪದವೀಧರರು ಪಬ್ಲಿಕ್ ಗಾರ್ಡನ್‌ನಲ್ಲಿ ಇದನ್ನ ಶುರು ಮಾಡಿದಾಗ ಉದ್ದೇಶ ಸರಳ. ನಮ್ಮ ನಾಡಿನಲ್ಲಿ ಏನೇನು ತಯಾರಾಗುತ್ತೆ ಅನ್ನೋದನ್ನ ನಮ್ಮ ಜನಕ್ಕೇ ತೋರಿಸೋದು. ನುಮಾಯಿಷ್ ಅಂದ್ರೇನೇ ಪ್ರದರ್ಶನ. ನೋಡಿ, ಮುಟ್ಟಿ, ಕೇಳಿ, ತಿಳ್ಕೊಂಡು ಆಮೇಲೆ ಕೊಳ್ಳು ಅನ್ನೋ ಕ್ರಮ.

ಸುಳ್ಳು ಬರೆದವರ ಕಾಲ

ಎಲ್ಲಾ ಬರಹವೂ ಒಳ್ಳೇದೇ ಮಾಡಿತು ಅಂದುಕೊಂಡರೆ ಅರ್ಧ ಇತಿಹಾಸ ಬಿಟ್ಟ ಹಾಗೆ. ಇಪ್ಪತ್ತನೇ ಶತಮಾನದ ಮೊದಲ ಅರ್ಧದ ಭಾರತೀಯ ಪತ್ರಿಕೆಗಳನ್ನ ತೆಗೆದು ನೋಡಿ, ಯಾವ ಭಾಷೆಯದಾದರೂ ಸರಿ. ಒಂದೇ ಗುಳಿಗೆಯಲ್ಲಿ ಎಲ್ಲಾ ರೋಗ ಮಾಯ, ಒಂದೇ ಲೇಹ್ಯದಲ್ಲಿ ಯೌವನ ವಾಪಸ್ ಅನ್ನೋ ಜಾಹೀರಾತುಗಳು ಪುಟ ತುಂಬಾ ಇರ್ತಿದ್ದವು. ಅವೂ ಗಿರಾಕಿಯ ಪ್ರಶ್ನೆಗೆ ಉತ್ತರ ಕೊಡೋ ಹಾಗೇ ನಟಿಸ್ತಿದ್ದವು. ರೋಗಿಗೆ ನಾಚಿಕೆ, ಡಾಕ್ಟರ್ ದೂರ, ಅಂಚೆಯಲ್ಲಿ ಬರೋ ಪೊಟ್ಟಣ ಹತ್ತಿರ. ಜನ ದುಡ್ಡು ಕಳ್ಕೊಂಡರು, ಕೆಲವರು ಸರಿಯಾದ ಚಿಕಿತ್ಸೆಯ ಸಮಯವನ್ನೂ ಕಳ್ಕೊಂಡರು.

1954ರಲ್ಲಿ ಸಂಸತ್ತು ಇದಕ್ಕೆ ಅಂತಲೇ ಒಂದು ಕಾನೂನು ತಂತು. ಔಷಧಿ ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತುಗಳ ಕಾಯ್ದೆ. ಕ್ಯಾನ್ಸರ್, ಮಧುಮೇಹದಂಥ ಪಟ್ಟಿ ಮಾಡಿದ ರೋಗಗಳನ್ನ ವಾಸಿ ಮಾಡ್ತೀವಿ ಅಂತ ಸಾರ್ವಜನಿಕರಿಗೆ ಜಾಹೀರಾತು ಕೊಡೋ ಹಾಗಿಲ್ಲ. ಆ ಕಾಯ್ದೆ ಇವತ್ತಿಗೂ ಜಾರಿಯಲ್ಲಿದೆ.

ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ನಮ್ಮ ಗುಂಪುಗಳಲ್ಲೂ ರಾಗಿ ಹುರಿಹಿಟ್ಟು ತಿಂದರೆ ಶುಗರ್ ವಾಸಿ, ಗಾಣದ ಎಣ್ಣೆ ಬಳಸಿದರೆ ಹಾರ್ಟಿನ ಬ್ಲಾಕ್ ಮಾಯ ಅಂತ ಬರೆದು ಮಾರೋದು ಕಾಣುತ್ತೆ. ರಾಗಿಯಲ್ಲಿ ಕ್ಯಾಲ್ಸಿಯಂ, ನಾರಿನಂಶ ಚೆನ್ನಾಗಿದೆ ಅನ್ನೋದು ನಿಜ, ಅಷ್ಟು ಬರೀರಿ ಸಾಕು. ಶುಗರ್ ವಾಸಿ ಅಂತ ಬರೆದ ದಿನ ನೀವು ಆ ಹಳೇ ಗುಳಿಗೆಯವನ ಸಾಲಿಗೆ ಸೇರ್ತೀರಿ. ನಿಮ್ಮ ಮಾತು ನಂಬಿ ಯಾರಾದರೂ ಮಾತ್ರೆ ಬಿಟ್ಟರೆ ಅದರ ಭಾರ ಯಾರ ಮೇಲೆ?

ಟೈರಿನವರು ಕೊಟ್ಟ ದಾರಿ ಪುಸ್ತಕ

ಹಾಗಾದರೆ ಸುಳ್ಳಿಲ್ಲದೆ, ಉಪಯೋಗಕ್ಕೆ ಬರೋ ಹಾಗೆ ಬರೆದು ಗಿರಾಕಿಗಳನ್ನ ಕರೆದವರು ಹೊರದೇಶದಲ್ಲಿ ಏನು ಮಾಡಿದರು? ಎರಡು ಪ್ರಸಿದ್ಧ ಉದಾಹರಣೆ ಸಾಕು.

1895ರಲ್ಲಿ ಅಮೆರಿಕಾದ ನೇಗಿಲು ತಯಾರಕರು ಜಾನ್ ಡೀರ್ ಕಂಪನಿ ರೈತರಿಗೆ ಅಂತ ದಿ ಫರೋ ಅನ್ನೋ ಪತ್ರಿಕೆ ತಂತು. ಫರೋ ಅಂದ್ರೆ ನೇಗಿಲ ಸಾಲು. ಅದರ ಜೀವಾಳ ಬೇಸಾಯದ ವಿಷಯ. ಇವತ್ತಿಗೂ ಅದು ನಡೀತಿದೆ.

1900ರಲ್ಲಿ ಫ್ರಾನ್ಸಿನ ಮಿಶೆಲಿನ್ ಸಹೋದರರು ಕಾರು ಇಟ್ಟುಕೊಂಡೋರಿಗೆ ಒಂದು ಪುಸ್ತಕ ಹಂಚಿದರು, ಪುಕ್ಕಟೆ. ಆಗ ಇಡೀ ಫ್ರಾನ್ಸಿನಲ್ಲಿ ಇದ್ದ ಕಾರುಗಳು 3000ಕ್ಕಿಂತ ಕಡಿಮೆ. ಇವರು ಅಚ್ಚು ಹಾಕಿಸಿದ್ದು ಸುಮಾರು 35,000 ಪ್ರತಿ! ಅದರಲ್ಲಿ ಟೈರು ಬದಲಾಯಿಸೋದು ಹೇಗೆ, ಮೆಕ್ಯಾನಿಕ್ ಎಲ್ಲಿದ್ದಾನೆ, ಪೆಟ್ರೋಲ್ ಎಲ್ಲಿ ಸಿಗುತ್ತೆ, ರಾತ್ರಿ ಉಳಿಯೋಕೆ ಹೋಟೆಲ್ ಯಾವುದು ಅನ್ನೋದೆಲ್ಲ ಇತ್ತು. ಲೆಕ್ಕ ಸುಲಭ. ದಾರಿ ಗೊತ್ತಿದ್ದರೆ ಜನ ಹೆಚ್ಚು ಓಡಾಡ್ತಾರೆ, ಹೆಚ್ಚು ಓಡಾಡಿದರೆ ಟೈರು ಸವೆಯುತ್ತೆ. ಹೋಟೆಲಿಗೆ ನಕ್ಷತ್ರ ಕೊಡೋ ಇವತ್ತಿನ ಮಿಶೆಲಿನ್ ಗೈಡ್ ಬೆಳೆದದ್ದು ಅಲ್ಲಿಂದ.

ಅವರು ತಮ್ಮ ಸಾಮಾನನ್ನ ಹೊಗಳೋ ಬದಲು ಗಿರಾಕಿ ರಾತ್ರಿ ಕೂತು ಚಿಂತೆ ಮಾಡೋ ವಿಷಯ ಏನು ಅಂತ ಯೋಚಿಸಿದರು. ಕಾರಿನವನ ಚಿಂತೆ ಟೈರಿನದ್ದಲ್ಲ, ನಡುದಾರಿಯಲ್ಲಿ ಕೆಟ್ಟು ನಿಂತರೆ ಏನು ಗತಿ ಅನ್ನೋದು.

ಲಾಲ್‌ಬಾಗ್ ರಸ್ತೆಯ ಪುಸ್ತಿಕೆ

ಇದೆಲ್ಲ ದೊಡ್ಡ ಕಂಪನಿಗಳ ಮಾತಾಯ್ತು, ತಿಂಡಿ ಮಾರೋ ನಮಗೇನು ಅನ್ನಬೇಡಿ. ನಮ್ಮಲ್ಲೇ ಒಂದು ತಿಂಡಿ ಹೋಟೆಲ್ ಇದನ್ನೇ ಮಾಡಿದೆ.

1924ರಲ್ಲಿ ಉಡುಪಿ ಕಡೆಯಿಂದ ಬಂದ ಮೈಯ ಸಹೋದರರು ಬೆಂಗಳೂರಿನ ಲಾಲ್‌ಬಾಗ್ ರಸ್ತೆಯಲ್ಲಿ ಬ್ರಾಹ್ಮಣರ ಕಾಫಿ ಕ್ಲಬ್ ಅಂತ ಒಂದು ಸಣ್ಣ ಹೋಟೆಲ್ ತೆಗೆದರು. ಮುಂದೆ ಅದನ್ನ ಬೆಳೆಸಿದವರು ಯಜ್ಞನಾರಾಯಣ ಮೈಯರು. 1951ರಲ್ಲಿ ಅವರು ಯುರೋಪ್ ಸುತ್ತಿ, ಅಲ್ಲಿನ ಹೋಟೆಲುಗಳ ಶುಚಿತ್ವ ನೋಡಿ ಬಂದರು. ಬಂದವರು ಪಾತ್ರೆ, ಲೋಟಗಳನ್ನ ಕುದಿಯೋ ಹಬೆಯಲ್ಲಿ ಶುದ್ಧ ಮಾಡೋ ಪದ್ಧತಿ ತಂದರು. ಗಿರಾಕಿ ಅಡುಗೆಮನೆಯನ್ನ ತನ್ನ ಕಣ್ಣಾರೆ ನೋಡೋ ಹಾಗೆ ಮಾಡಿದರು. ಜೊತೆಗೆ ಗಿರಾಕಿಗಳಿಗೆ ಅಂತ ಸಣ್ಣ ಪುಸ್ತಿಕೆಗಳನ್ನೂ ತಂದರು. ಅವುಗಳ ವಿಷಯ ಶಿಷ್ಟಾಚಾರ ಮತ್ತು ಆರೋಗ್ಯಕರವಾಗಿ ಊಟ ಮಾಡೋ ಅಭ್ಯಾಸ. 1960ರಲ್ಲಿ ಹೋಟೆಲಿನ ಹೆಸರು ಮಾವಳ್ಳಿ ಟಿಫಿನ್ ರೂಮ್ಸ್ ಆಯ್ತು, ನಮ್ಮ ಎಂಟಿಆರ್.

ಯೋಚನೆ ಮಾಡಿ. ದೋಸೆ ಮಾರೋನಿಗೆ ಪುಸ್ತಿಕೆ ಹಂಚೋ ಅಗತ್ಯ ಏನಿತ್ತು? ಅವರು ಹೇಳ್ತಿದ್ದದ್ದು ಇಷ್ಟೇ, ನಿಮ್ಮ ಹೊಟ್ಟೆಯ ಬಗ್ಗೆ ನಮಗೆ ಕಾಳಜಿ ಇದೆ. ಅಡುಗೆಮನೆ ತೋರಿಸಿ ಆ ಮಾತಿಗೆ ಪುರಾವೆನೂ ಕೊಟ್ಟರು. ಪುಸ್ತಿಕೆ ಕೊಟ್ಟು ಅಡುಗೆಮನೆ ಬಾಗಿಲು ಮುಚ್ಚಿದ್ದರೆ ಅದು ಬರೀ ಕಾಗದ ಆಗ್ತಿತ್ತು.

ಈ ನಂಬಿಕೆ ಕಷ್ಟಕಾಲದಲ್ಲಿ ಪರೀಕ್ಷೆಗೆ ಬಂತು. ತುರ್ತು ಪರಿಸ್ಥಿತಿಯ ದಿನಗಳಲ್ಲಿ ಹೋಟೆಲ್ ತಿಂಡಿಯ ಬೆಲೆಯನ್ನ ಸರ್ಕಾರ ತೀರಾ ಕೆಳಗೆ ಕಟ್ಟಿಹಾಕಿತು. ಸಾಮಾನಿನ ಗುಣಮಟ್ಟ ಇಳಿಸದೆ, ದಿನಾ ಆಗ್ತಿರೋ ನಷ್ಟದ ಲೆಕ್ಕವನ್ನ ಹೋಟೆಲ್ ಮುಂದೆ ಬೋರ್ಡಿನಲ್ಲಿ ಬರೆದು ಹಾಕ್ತಿದ್ದರು ಅನ್ನೋದು ಬೆಂಗಳೂರಿನಲ್ಲಿ ಇವತ್ತಿಗೂ ಹೇಳೋ ಕಥೆ. ಕೊನೆಗೆ ಹೋಟೆಲ್ ಮುಚ್ಚಬೇಕಾಯ್ತು. ಆಗ ಆಳುಗಳಿಗೆ ಕೆಲಸ ಉಳಿಸೋಕೆ ಚಟ್ನಿಪುಡಿ, ರವೆ ಇಡ್ಲಿ ಮಿಶ್ರಣಗಳನ್ನ ಪೊಟ್ಟಣ ಕಟ್ಟಿ ಮಾರೋದು ಶುರುವಾಯ್ತು. ಇವತ್ತು ಕೊಂಡಾಪುರದ ಸೂಪರ್ ಮಾರ್ಕೆಟ್‌ನಲ್ಲಿ ನಾವು ಎತ್ತಿಕೊಳ್ಳೋ ಎಂಟಿಆರ್ ಪೊಟ್ಟಣದ ಮೂಲ ಅದು. ಆ ಪೊಟ್ಟಣದ ಹಿಂದೆ ಮಾಡೋ ವಿಧಾನ ಹಂತ ಹಂತವಾಗಿ ಬರೆದಿರುತ್ತೆ ನೋಡಿ. ಹೇಳಿಕೊಟ್ಟು ಮಾರೋ ಪದ್ಧತಿ ಅಲ್ಲೂ ಮುಂದುವರೀತು.

ದರ್ಜಿ, ಈಜುಕೊಳದವನು, ಹೈದರಾಬಾದಿನ ಬಾಣಸಿಗ

ಇಂಟರ್ನೆಟ್ ಬಂದ ಮೇಲೆ ಅಚ್ಚಿನ ಖರ್ಚು ಹೋಯ್ತು. ಪತ್ರಿಕೆ ಮಾಡೋಕೆ ಮುಲಾಮಿನ ಲಾಭ ಬೇಕಿತ್ತು, ಈಗ ಒಂದು ಫೋನ್ ಸಾಕು.

2005ರಲ್ಲಿ ಥಾಮಸ್ ಮೇಹನ್ ಅನ್ನೋ ಇಂಗ್ಲಿಷ್ ದರ್ಜಿ ಇಂಗ್ಲಿಷ್ ಕಟ್ ಅನ್ನೋ ಹೆಸರಲ್ಲಿ ಬರೆಯೋಕೆ ಶುರು ಮಾಡಿದರು. ಲಂಡನ್ನಿನ ಸಾವಿಲ್ ರೋ ಬೀದಿಯಲ್ಲಿ ಕೆಲಸ ಕಲಿತವರು. ಒಳ್ಳೇ ಸೂಟು ಹೇಗೆ ಹೊಲೀತಾರೆ, ಅದಕ್ಕೆ ಯಾಕೆ ಅಷ್ಟು ದುಡ್ಡು, ಬಟ್ಟೆಯ ಒಳಗೆ ಕಾಣದ ಕೆಲಸ ಎಷ್ಟಿದೆ ಅಂತ ಬಿಡಿಸಿ ಬಿಡಿಸಿ ಬರೆದರು. ಅಮೆರಿಕಾದಿಂದಲೂ ಗಿರಾಕಿಗಳು ಬಂದರು.

2009ರ ಹೊತ್ತಿಗೆ ಅಮೆರಿಕಾದ ವರ್ಜೀನಿಯಾದಲ್ಲಿ ಮಾರ್ಕಸ್ ಶೆರಿಡನ್ ಅನ್ನೋರ ಈಜುಕೊಳ ಕಟ್ಟೋ ಸಣ್ಣ ಕಂಪನಿ ಮುಳುಗೋ ಸ್ಥಿತಿಗೆ ಬಂದಿತ್ತು. 2008ರ ಆರ್ಥಿಕ ಕುಸಿತದಲ್ಲಿ ಯಾರಿಗೆ ಬೇಕು ಈಜುಕೊಳ? ಗಿರಾಕಿಗಳು ಕೇಳ್ತಿದ್ದ ಪ್ರತಿ ಪ್ರಶ್ನೆಗೂ ಅವರು ಒಂದೊಂದು ಬರಹ ಬರೆದರು. ಬೆಲೆ ಎಷ್ಟು ಅನ್ನೋದನ್ನೂ ಬರೆದರು, ಮಿಕ್ಕವರೆಲ್ಲ ಫೋನ್ ಮಾಡಿ ಅಂತ ಮುಚ್ಚಿಡ್ತಿದ್ದ ಕಾಲದಲ್ಲಿ. ತಮ್ಮ ಫೈಬರ್‌ಗ್ಲಾಸ್ ಕೊಳದ ದೋಷಗಳನ್ನೂ ಬರೆದರು. ಊರಿನ ಒಳ್ಳೇ ಕೊಳ ಕಟ್ಟೋರು ಯಾರು ಅಂತ ಪಟ್ಟಿ ಕೊಟ್ಟಾಗ ಅದರಲ್ಲಿ ತಮ್ಮ ಹೆಸರೇ ಹಾಕಲಿಲ್ಲ. ಕಂಪನಿ ಉಳೀತು.

ಇತ್ತ ನಮ್ಮ ಹೈದರಾಬಾದಿನ ಸಂಜಯ್ ತುಮ್ಮ, ವಾಹ್‌ಶೆಫ್. ಅಮೆರಿಕಾದಲ್ಲಿ ಹೋಟೆಲ್ ನಡೆಸಿದ ಬಾಣಸಿಗ, 2007ರಲ್ಲಿ ವಾಹ್‌ರೆವಾಹ್ ಶುರು ಮಾಡಿ ಅಡುಗೆಯನ್ನ ವಿಡಿಯೊದಲ್ಲಿ ಪುಕ್ಕಟೆ ಹೇಳಿಕೊಟ್ಟರು. ಇವತ್ತು ಎಲ್ಲರೂ ಅಡುಗೆ ವಿಡಿಯೊ ಮಾಡ್ತಾರೆ, ಆಗ ಅದು ವಿಚಿತ್ರ. ಬಾಣಸಿಗ ತನ್ನ ಗುಟ್ಟು ಬಿಟ್ಟುಕೊಟ್ಟರೆ ಅವನ ಬಳಿ ಉಳಿಯೋದೇನು ಅನ್ನೋ ಪ್ರಶ್ನೆಗೆ ಅವರ ಹೆಸರೇ ಉತ್ತರ. ಗುಟ್ಟು ಹೇಳಿದವನನ್ನೇ ಜನ ಗುರು ಅಂದರು.

ನಮ್ಮ ಹೋಳಿಗೆಗೆ ಇದರಿಂದ ಏನು?

ಮೊದಲನೇದು, ರೆಸಿಪಿ ಕೊಟ್ಟರೆ ಗಿರಾಕಿ ಹೋಗ್ತಾರೆ ಅನ್ನೋ ಭಯ ಬಿಡಿ. ಕಣಕ ಎಷ್ಟು ಹೊತ್ತು ನೆನೀಬೇಕು, ಹೂರಣ ಯಾಕೆ ಹರಿಯುತ್ತೆ ಅಂತ ಬರೆದರೆ ಓದಿದ ಹತ್ತು ಜನರಲ್ಲಿ ಒಬ್ಬರೋ ಇಬ್ಬರೋ ಮನೇಲಿ ಮಾಡ್ಕೋಬಹುದು. ಉಳಿದೋರಿಗೆ ಇದು ಇಷ್ಟು ಕೆಲಸದ್ದು, ಈ ಅಮ್ಮನಿಗೆ ಇದು ಗೊತ್ತು ಅನ್ನೋದು ಅರ್ಥ ಆಗುತ್ತೆ. ಆಮೇಲೆ ನಿಮ್ಮ ರೇಟು ದುಬಾರಿ ಅನ್ನಿಸಲ್ಲ.

ಎರಡನೇದು, ಕೇಳೋಕೆ ಮುಜುಗರ ಪಡೋ ಪ್ರಶ್ನೆಗೆ ಮೊದಲು ಉತ್ತರ ಕೊಡಿ. ಇಳಕಲ್ ಸೀರೆ ಮಾರ್ತೀರಾ? ಕೈಮಗ್ಗದ್ದು, ಪವರ್‌ಲೂಮಿನದ್ದು ಗುರುತು ಹಿಡಿಯೋದು ಹೇಗೆ ಅಂತ ಬರೀರಿ. ನಿಮ್ಮ ಹತ್ರ ಪವರ್‌ಲೂಮ್ ಸೀರೆ ಇದ್ದರೆ ಅದನ್ನೂ ಪವರ್‌ಲೂಮ್ ಅಂತಲೇ ಹೇಳಿ. ರೊಟ್ಟಿ ಎಷ್ಟು ದಿನ ಕೆಡದೆ ಇರುತ್ತೆ, ಯಾವಾಗ ಎಸೀಬೇಕು ಅಂತಲೂ ಬರೀರಿ. ಎಸೀರಿ ಅಂತ ಹೇಳೋ ಅಂಗಡಿಯನ್ನ ಜನ ಮರೆಯಲ್ಲ.

ಮೂರನೇದು ಭಾಷೆ. ಮೊದಲು ಕನ್ನಡದಲ್ಲಿ ಬರೀರಿ. ನಾಗೇಶ್ವರ ರಾವ್ ಬೊಂಬಾಯಿಯಲ್ಲಿ ತೆಲುಗನ್ನೇ ಹಿಡಿದರಲ್ಲ. ಊರು ಬಿಟ್ಟು ಬಂದವನಿಗೆ ತನ್ನ ಭಾಷೆಯ ನಾಲ್ಕು ಸಾಲು ಕಂಡರೆ ಅಲ್ಲೇ ನಿಲ್ತಾನೆ. ಆದರೆ ಅಲ್ಲಿಗೇ ನಿಲ್ಲಬೇಡಿ. ಪಕ್ಕದ ಫ್ಲಾಟಿನ ತೆಲುಗು ಅಕ್ಕ ಹೋಳಿಗೆಯನ್ನ ಬೊಬ್ಬಟ್ಲು ಅಂತಾರೆ, ಅವರಿಗೂ ಅದು ಹಬ್ಬದ ತಿಂಡಿಯೇ. ಎರಡಕ್ಕೂ ಇರೋ ಸಣ್ಣ ವ್ಯತ್ಯಾಸ ಏನು ಅಂತ ಬರೆದರೆ ಅವರೂ ಓದ್ತಾರೆ, ಜಗಳಕ್ಕಾದರೂ ಬರ್ತಾರೆ. ಬಂದವರು ಒಂದು ಡಜನ್ ಒಯ್ಯದೆ ಇರ್ತಾರಾ?

ನಾಲ್ಕನೇದು, ಬರೆದದ್ದು ಮತ್ತೆ ಹುಡುಕಿದಾಗ ಸಿಗೋ ಜಾಗದಲ್ಲಿರಲಿ. ವಾಟ್ಸಾಪ್ ಗುಂಪಿನಲ್ಲಿ ಬೆಳಿಗ್ಗೆ ಹಾಕಿದ್ದು ಸಂಜೆಗೆ ಶುಭೋದಯದ ಹೂಗಳ ಕೆಳಗೆ ಹೂತು ಹೋಗಿರುತ್ತೆ. ಒಂದು ಸಲ ಚೆನ್ನಾಗಿ ಬರೆದ ಉತ್ತರ ಮುಂದಿನ ಯುಗಾದಿಗೂ ಕೆಲಸ ಮಾಡಬೇಕು.

ಕೊನೇದು, ಅಡುಗೆಮನೆ. ಬರಹ ಗಿರಾಕಿಯನ್ನ ಬಾಗಿಲವರೆಗೆ ಕರ್ಕೊಂಡು ಬರುತ್ತೆ, ಅಷ್ಟೇ. ಒಳಗೆ ಬಂದವನಿಗೆ ನೀವು ಬರೆದದ್ದೇ ಕಾಣಬೇಕು. ತುಪ್ಪ ಅಂತ ಬರೆದರೆ ತುಪ್ಪವೇ ಇರಬೇಕು. ಹಬ್ಬದ ಸೀಸನ್‌ನಲ್ಲಿ ಇನ್ನೂರು ಆರ್ಡರ್ ಬಂದಾಗಲೂ.

ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಗಿರಾಕಿಗಳು ಪದೇ ಪದೇ ಕೇಳೋ ಐದು ಪ್ರಶ್ನೆ ಒಂದು ಹಾಳೆಯಲ್ಲಿ ಬರೆದಿಡಿ. ಅದರಲ್ಲಿ ಉತ್ತರ ಕೊಡೋಕೆ ನಿಮಗೆ ಅತೀ ಕಷ್ಟ ಅನ್ನಿಸೋದು ಯಾವುದೋ, ಅದರಿಂದಲೇ ಶುರು ಮಾಡಿ.